ಆರಕ್ಕೆ ಬಾ ಅಂದೆ, ಒಂಬತ್ತಕ್ಕೆ ಬಂದ: ಚೀನೀಯಲ್ಲಿ ಗಂಟೆ ಹೇಳುವ ಪಾಠ

(ಬಡಾವಣೆಯ ಓದುಗರ ಕೂಟದಲ್ಲಿ ಒಂದು ಭಾನುವಾರ ಬೆಳಗ್ಗೆ ಆಡಿದ ಮಾತುಗಳಿವು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಕತ್ತರಿ ಹಾಕಿದ್ದೇನೆ. ಅವತ್ತು ಬೋರ್ಡಿನ ಮೇಲೆ ಬರೆದ ಚೀನೀ ಅಕ್ಷರಗಳು ಇಲ್ಲಿಲ್ಲ. ಉಚ್ಚಾರವನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಫೋಷಾನ್ ಅಂತ ಒಂದು ಊರಿದೆ. ನಮ್ಮ ಕಡೆ ಮನೆ ಕಟ್ಟಿಸುವವರು ಕೇಳಿರಬಹುದು, ಟೈಲ್ಸ್‌ಗೆ ಹೆಸರಾದ ಊರು. ನಾನು ಕೆಲಸದ ಮೇಲೆ ಅಲ್ಲಿಗೆ ಮೊದಲ ಸಲ ಹೋದಾಗ ನನ್ನ ಚೀನೀ ಮೂರು ತಿಂಗಳ ಸಂಜೆ ಕ್ಲಾಸಿನದು. ಮಧ್ಯಾಹ್ನ ಮೂರಕ್ಕೆ ಡ್ರೈವರ್ ನನ್ನನ್ನು ಒಂದು ಗೋದಾಮಿನ ಮುಂದೆ ಇಳಿಸಿದ. ಆರು ಗಂಟೆಗೆ ಬನ್ನಿ ಅಂತ ಹೇಳಬೇಕಿತ್ತು. ಗಂಟೆ ಅಂದರೆ 'ಶಿಯಾವ್‌ಷ್' ಅಂತ ಬಾಯಿಪಾಠ ಮಾಡಿದ್ದೆ. ಧೈರ್ಯವಾಗಿ 'ಲಿಯೋ ಕ ಶಿಯಾವ್‌ಷ್' ಅಂದೆ. ಆತ ಒಂದು ಕ್ಷಣ ನನ್ನ ಮುಖ ನೋಡಿದ. ತಲೆಯಾಡಿಸಿ ಹೊರಟುಹೋದ.

ಆರಾಯಿತು. ಏಳಾಯಿತು. ಗೋದಾಮಿನವರು ಬೀಗ ಹಾಕಿಕೊಂಡು ಹೋದರು. ಗೇಟಿನ ಕಾವಲುಗಾರ ಪಾಪ ಒಂದು ಸ್ಟೂಲು ಕೊಟ್ಟ, ಒಂದು ಲೋಟ ಬಿಸಿನೀರೂ ಕೊಟ್ಟ. ಒಂಬತ್ತು ಹೊಡೆಯುವಾಗ ಕಾರು ಬಂತು. ಒಂದು ನಿಮಿಷವೂ ಲೇಟಿಲ್ಲ! ಡ್ರೈವರ್ ಹೇಳಿದ ಮಾತು ಉಳಿಸಿಕೊಂಡಿದ್ದ. ತಪ್ಪು ನನ್ನದು. ಆ ತಪ್ಪು ನನ್ನ ಚೀನೀಯಲ್ಲಿ ಇರಲಿಲ್ಲ, ನನ್ನ ಕನ್ನಡದಲ್ಲಿತ್ತು. ಅದು ಹೇಗೆ ಅಂತ ಆಮೇಲೆ ಹೇಳುತ್ತೇನೆ. ಈಗಲೇ ಹೇಳಿದರೆ ನೀವು ಎದ್ದು ಕಾಫಿಗೆ ಹೋಗಿಬಿಡುತ್ತೀರಿ.

ಮೊದಲು ಪ್ರಶ್ನೆ ಕೇಳುವುದನ್ನು ಕಲಿಯೋಣ. ಬೀದಿಯಲ್ಲಿ ಯಾರನ್ನಾದರೂ ಸಮಯ ಕೇಳಬೇಕು. ಇಂಗ್ಲಿಷಿನವರು 'ಸಮಯ ಏನಾಗಿದೆ' ಅನ್ನುವ ಧಾಟಿಯಲ್ಲಿ ಕೇಳುತ್ತಾರೆ. ಚೀನೀಯರು 'ಚಿ ತಿಯೆನ್ ಲ?' ಅನ್ನುತ್ತಾರೆ. 'ಚಿ' ಅಂದರೆ ಎಷ್ಟು. 'ತಿಯೆನ್' ಅಂದರೆ ಗಂಟೆ. ಕೊನೆಯ 'ಲ' ಇದೆಯಲ್ಲ, ಅದು ಏನೋ ಬದಲಾಯಿತು, ಹೊಸ ಸ್ಥಿತಿ ಬಂತು ಅಂತ ಹೇಳುವ ಪುಟ್ಟ ಪದ. ಇಂಗ್ಲಿಷ್ ಪಠ್ಯಪುಸ್ತಕಗಳು ಈ 'ಲ'ವನ್ನು ವಿವರಿಸಲು ಪುಟಗಟ್ಟಲೆ ಬರೆಯುತ್ತವೆ. ನಮಗೆ ಅಷ್ಟೆಲ್ಲ ಬೇಡ. ಎಷ್ಟು ಗಂಟೆ ಆಯ್ತು? ಆ 'ಆಯ್ತು'ವೇ ಈ 'ಲ'. ಉತ್ತರವೂ ಹಾಗೇ. 'ಪಾ ತಿಯೆನ್ ಲ', ಎಂಟಾಯ್ತು.

ನಾನು ಇವತ್ತು ಹೇಳಬೇಕು ಅಂತ ಬಂದಿರುವುದು ಇಷ್ಟೇ. ನಾವು ಚೀನೀಯನ್ನು ಇಂಗ್ಲಿಷ್ ಬಾಗಿಲಿನಿಂದ ಹೊಕ್ಕು ಸುಮ್ನೆ ಒದ್ದಾಡುತ್ತೇವೆ. ಗಂಟೆ ಹೇಳುವ ವಿಷಯದಲ್ಲಂತೂ ಕನ್ನಡದ ಬಾಗಿಲು ಹತ್ತಿರ. ಆ ಬಾಗಿಲಿಗೆ ಒಂದೇ ಒಂದು ಎತ್ತರದ ಹೊಸ್ತಿಲಿದೆ. ನಾನು ಎಡವಿದ್ದು ಅಲ್ಲೇ.

ಉಚ್ಚಾರವನ್ನೇ ನೋಡಿ. ಚೀನೀಯನ್ನು ರೋಮನ್ ಅಕ್ಷರದಲ್ಲಿ ಬರೆಯುವ ಪಿನ್‌ಯಿನ್ ಅನ್ನುವ ಪದ್ಧತಿ 1958ರಿಂದ ಬಳಕೆಯಲ್ಲಿದೆ. ಅದರಲ್ಲಿ ಗಂಟೆಯ ಪದವನ್ನು 'ಡಿ' ಅಕ್ಷರದಿಂದ ಬರೆಯುತ್ತಾರೆ. ನೋಡಿದ ತಕ್ಷಣ ನಾವು 'ಡಿಯಾನ್' ಅನ್ನುತ್ತೇವೆ. ಅದು ತಪ್ಪು. ಅಲ್ಲಿ ಇರುವುದು ನಮ್ಮ 'ತ'ಕ್ಕೆ ಹತ್ತಿರದ ದನಿ. ಪಿನ್‌ಯಿನ್‌ನಲ್ಲಿ 'ಟಿ' ಅಂತ ಬರೆದಿರುವುದು ನಮ್ಮ 'ಥ'ದ ಹಾಗೆ. 'ತಿಯೆನ್' ಅಂದರೆ ಗಂಟೆ, 'ಥಿಯೆನ್' ಅಂದರೆ ದಿನ. ಇಂಗ್ಲಿಷ್ ಮಾತಾಡುವವರಿಗೆ ಈ ವ್ಯತ್ಯಾಸ ಕಿವಿಗೆ ಬೀಳುವುದೇ ಕಷ್ಟ. ನಮಗೆ ಅಲ್ಪಪ್ರಾಣ, ಮಹಾಪ್ರಾಣ ಅಂತ ಒಂದನೇ ಕ್ಲಾಸಿನಲ್ಲೇ ಮೇಷ್ಟ್ರು ಹೇಳಿಕೊಟ್ಟಿದ್ದಾರೆ. ನಿಜ ಹೇಳಬೇಕೆಂದರೆ ನಾವು ಮಹಾಪ್ರಾಣವನ್ನು ಬರೆಯುವುದು ಜಾಸ್ತಿ, ನುಡಿಯುವುದು ಕಮ್ಮಿ. 'ಭಾಷೆ'ಯನ್ನು 'ಬಾಷೆ' ಮಾಡಿಕೊಂಡವರು ನಾವು. ಚೀನೀಯಲ್ಲಿ ಆ ಸೋಮಾರಿತನ ನಡೆಯುವುದಿಲ್ಲ.

ಯಾಕೆ ಅಂದರೆ, 'ಚಿ ತಿಯೆನ್' ಅಂದರೆ ಎಷ್ಟು ಗಂಟೆ. 'ಛೀ ತಿಯೆನ್' ಅಂದರೆ ಏಳು ಗಂಟೆ. ಉಸಿರೊಂದು ತಪ್ಪಿದರೆ ಉತ್ತರವೇ ಪ್ರಶ್ನೆಯಾಗಿಬಿಡುತ್ತದೆ. ಏಳನ್ನು ನೆನಪಿಡುವುದು ಕನ್ನಡಿಗರಿಗೆ ಬಲು ಸುಲಭ. ಬೆಳಗ್ಗೆ ಏಳಕ್ಕೆ ಅಲಾರಂ ಹೊಡೆದಾಗ ನಮ್ಮ ಬಾಯಲ್ಲಿ ಬರುವುದು ಅದೇ ತಾನೇ? ಛೀ!

ಇನ್ನೊಂದು ಲಾಭವಿದೆ. ಚೀನೀಯಲ್ಲಿ ಸಕಾರದಂಥ ದನಿಗಳು ಮೂರು. ನಮ್ಮ ಸ, ಶ, ಷಗಳಿಗೆ ಅವು ಹತ್ತಿರ ಹತ್ತಿರ ಹೊಂದುತ್ತವೆ. ನಾಲ್ಕು 'ಸ್ಸ್', ನಾಲಿಗೆ ಹಲ್ಲಿನ ಹಿಂದೆ. ಹತ್ತು 'ಷ್ಷ್', ನಾಲಿಗೆ ಮೇಲಕ್ಕೆ ಮಡಚಿ. ಆದರೆ ದಕ್ಷಿಣ ಚೀನಾದಲ್ಲಿ ಎಷ್ಟೋ ಜನ 'ಷ'ವನ್ನು 'ಸ' ಮಾಡಿಬಿಡುತ್ತಾರೆ. ಫೋಷಾನ್‌ನಲ್ಲಿ ನಾಲ್ಕು ಗಂಟೆಯೂ ಹತ್ತು ಗಂಟೆಯೂ ನನ್ನ ಕಿವಿಗೆ ಒಂದೇ ಥರ ಕೇಳುತ್ತಿದ್ದವು. ಅವರಿಗೂ ಈ ಕಷ್ಟ ಗೊತ್ತು. ನಾಲ್ಕು ನಾಲ್ಕೇ, ಹತ್ತು ಹತ್ತೇ, ಹದಿನಾಲ್ಕು ಹದಿನಾಲ್ಕೇ, ನಲವತ್ತು ನಲವತ್ತೇ ಅನ್ನುವ ನಾಲಿಗೆ ಹೊರಳಿಸುವ ಆಟ ಅಲ್ಲಿ ಮಕ್ಕಳಿಗೆಲ್ಲ ಬರುತ್ತದೆ. ನಮ್ಮ ತರೀಕೆರೆ ಕೆರೆ ಏರಿ ಇದ್ದ ಹಾಗೆ. ಅನುಮಾನ ಬಂದರೆ ಬೆರಳು ತೋರಿಸುತ್ತಾರೆ. ನಾಲ್ಕಕ್ಕೆ ನಾಲ್ಕು ಬೆರಳು. ಹತ್ತಕ್ಕೆ ಎರಡು ತೋರುಬೆರಳನ್ನು ಗುಣಾಕಾರದ ಚಿಹ್ನೆಯಂತೆ ಅಡ್ಡ ಹಿಡಿಯುತ್ತಾರೆ. ನೀವೂ ಹಾಗೇ ಮಾಡಿ, ನಾಚಿಕೆ ಬೇಡ.

ಸ್ವರದ ಏರಿಳಿತದ ಬಗ್ಗೆ ಹೆಚ್ಚು ಹೇಳಲ್ಲ, ಅದಕ್ಕೇ ಒಂದು ಭಾನುವಾರ ಬೇಕು. 'ತಿಯೆನ್' ಅನ್ನು ದನಿ ತಗ್ಗಿಸಿ ಹೇಳಬೇಕು, ಅಷ್ಟು ನೆನಪಿಡಿ. ಮೇಲಿಂದ ಕೆಳಕ್ಕೆ ಬೀಳಿಸಿದರೆ ಅದು ಅಂಗಡಿಯೋ ಕರೆಂಟೋ ಆಗುತ್ತದೆ.

ಈಗ ಅಂಕಿಗಳು. ಈ, ಅರ್, ಸಾನ್, ಸ್ಸ್, ವೂ, ಲಿಯೋ, ಛೀ, ಪಾ, ಚಿಯೋ, ಷ್ಷ್. ಹತ್ತು ಕಲಿತರೆ ಮುಗಿಯಿತು. ಹನ್ನೊಂದು ಅಂದರೆ ಹತ್ತು-ಒಂದು, ಮೂವತ್ತೈದು ಅಂದರೆ ಮೂರು-ಹತ್ತು-ಐದು. ಅಂಕಿಯ ಮುಂದೆ 'ತಿಯೆನ್' ಸೇರಿಸಿ, ಆಮೇಲೆ ನಿಮಿಷದ ಅಂಕಿ, ಅದರ ಮುಂದೆ 'ಫನ್'. ಆರೂ ಇಪ್ಪತ್ತು ಅಂದರೆ 'ಲಿಯೋ ತಿಯೆನ್ ಅರ್‌ಷ್ಷ್ ಫನ್'. ಒಂದೇ ಒಂದು ಕೊಕ್ಕೆ ಇದೆ, ಎರಡು ಗಂಟೆ. ಎಣಿಸುವಾಗ ಎರಡಕ್ಕೆ 'ಅರ್', ಆದರೆ ಗಂಟೆಗೆ 'ಲಿಯಾಂಗ್'. 'ಅರ್ ತಿಯೆನ್' ಅಂದರೆ ಅಂಗಡಿಯವಳು ನಗುತ್ತಾಳೆ. ಹನ್ನೆರಡು ಗಂಟೆಗೆ ಮಾತ್ರ ಮತ್ತೆ 'ಅರ್'. ಎರಡು ಗಂಟೆ ಎರಡು ನಿಮಿಷಕ್ಕೆ ಸಾಮಾನ್ಯವಾಗಿ 'ಲಿಯಾಂಗ್ ತಿಯೆನ್ ಲಿಂಗ್ ಅರ್ ಫನ್'. ಒಂದೇ ಸಮಯದಲ್ಲಿ ಎರಡು ಥರದ ಎರಡು! ನಡುವೆ ಬಂದ 'ಲಿಂಗ್' ಅಂದರೆ ಸೊನ್ನೆ. ನಿಮಿಷ ಹತ್ತಕ್ಕಿಂತ ಕಮ್ಮಿ ಇದ್ದಾಗ ಅದನ್ನು ಸೇರಿಸುವುದು ವಾಡಿಕೆ.

ಕಾಲು, ಅರ್ಧ, ಮುಕ್ಕಾಲಿಗೆ ಬಂದರೆ ನನಗೆ ಖುಷಿಯಾಗುತ್ತದೆ. ಮೂರೂವರೆ 'ಸಾನ್ ತಿಯೆನ್ ಪಾನ್', ಪಾನ್ ಅಂದರೆ ಅರ್ಧ. ಮೂರೂ ಕಾಲು 'ಸಾನ್ ತಿಯೆನ್ ಈ ಖ', ಒಂದು ಕಾಲು. ಮೂರೂ ಮುಕ್ಕಾಲು? ಇಂಗ್ಲಿಷಿನವರು ನಾಲ್ಕನ್ನು ತಂದು, ಅದಕ್ಕೆ ಕಾಲು ಬಾಕಿ ಅನ್ನುತ್ತಾರೆ. ಚೀನೀಯರು 'ಸಾನ್ ತಿಯೆನ್ ಸಾನ್ ಖ' ಅನ್ನುತ್ತಾರೆ. ಮೂರು ಗಂಟೆ, ಮೂರು ಕಾಲು. ನಮ್ಮ ಮುಕ್ಕಾಲು ಅನ್ನುವುದೂ ಮೂರು ಕಾಲೇ ಅಲ್ವಾ? ನಾಲ್ಕಕ್ಕೆ ಐದು ನಿಮಿಷ ಇದೆ ಅನ್ನಲು ಮಾತ್ರ 'ಛಾ ವೂ ಫನ್ ಸ್ಸ್ ತಿಯೆನ್' ಅನ್ನುತ್ತಾರೆ. 'ಛಾ' ಅಂದರೆ ಕೊರತೆ. ನಾವು ಐದು ನಿಮಿಷ ಇದೆ ಅನ್ನುವುದನ್ನು ಅವರು ಐದು ನಿಮಿಷ ಕಮ್ಮಿ ಅನ್ನುತ್ತಾರೆ. ಅದು ಅವರವರ ಸ್ವಭಾವ.

ಈ 'ಖ' ಎಲ್ಲಿಂದ ಬಂತು ಅನ್ನುವುದು ಒಳ್ಳೆಯ ಕಥೆ. ಅದರ ಮೂಲ ಅರ್ಥ ಕೆತ್ತುವುದು. ಹಳೆಯ ಚೀನಾದಲ್ಲಿ ನೀರಿನ ಪಾತ್ರೆಯಿಂದ ಹೊತ್ತು ಅಳೆಯುತ್ತಿದ್ದರು. ನೀರಿನ ಮಟ್ಟ ತೋರಿಸುವ ಕಡ್ಡಿಯ ಮೇಲೆ ಗೀರು ಕೆತ್ತಿರುತ್ತಿತ್ತು. ಒಂದು ಗೀರು ಅಂದರೆ ಒಂದು 'ಖ'. ದಿನಕ್ಕೆ ನೂರು ಖ. ಅಂದರೆ ಒಂದು ಖ ಈಗಿನ 14 ನಿಮಿಷ 24 ಸೆಕೆಂಡು. ತೊಂದರೆ ಏನೆಂದರೆ ದಿನವನ್ನು ಹನ್ನೆರಡು ಪಾಲು ಮಾಡುವ ಇನ್ನೊಂದು ಲೆಕ್ಕವೂ ಜೊತೆಗೇ ಇತ್ತು. ನೂರನ್ನು ಹನ್ನೆರಡರಿಂದ ಭಾಗಿಸಿದರೆ ಸಮ ಬರುವುದಿಲ್ಲ. ಶತಮಾನಗಟ್ಟಲೆ ಪಂಚಾಂಗದವರು ಇದರ ಜೊತೆ ಗುದ್ದಾಡಿದರು. ಕೊನೆಗೆ ಛಿಂಗ್ ರಾಜವಂಶದ ಕಾಲದಲ್ಲಿ ಆಡಮ್ ಶಾಲ್ ಅನ್ನುವ ಜರ್ಮನ್ ಜೆಸ್ವಿಟ್ ಪಾದ್ರಿಯ ಕೈಯಾಡಿದ ಹೊಸ ಪಂಚಾಂಗ 1645ರಲ್ಲಿ ಜಾರಿಗೆ ಬಂತು. ಅದರಲ್ಲಿ ದಿನಕ್ಕೆ 96 ಖ. ಒಂದು ಖ ಸರಿಯಾಗಿ ಹದಿನೈದು ನಿಮಿಷವಾಯಿತು. ಈಗ ಗಂಟೆಯ ಕಾಲುಭಾಗ ಅನ್ನುವುದು ಅದನ್ನೇ. ನಮ್ಮ ಗಳಿಗೆಯೂ ನೀರಿನ ಬಟ್ಟಲಿನದೇ. ಅದು 24 ನಿಮಿಷಕ್ಕೇ ನಿಂತಿತು, ಮುಹೂರ್ತ ನೋಡುವವರ ಕೈಗೆ ಹೋಯಿತು. ಅವರ ಖ ಮಾತ್ರ ಮೊಬೈಲಿನ ಕಾಲಕ್ಕೂ ಬಂತು. ಚೀನೀಯಲ್ಲಿ 'ತಕ್ಷಣ' ಅನ್ನುವ ಪದದಲ್ಲೂ ಇದೇ ಖ ಇದೆ, ನಾವು 'ಆ ಗಳಿಗೆಯಲ್ಲೇ' ಅನ್ನುವ ಹಾಗೆ.

'ತಿಯೆನ್' ಕೂಡ ಹಳಬ. ಅದರ ಅರ್ಥ ಚುಕ್ಕೆ. ಹಿಂದೆ ರಾತ್ರಿಯನ್ನು ಐದು ಜಾವ ಮಾಡಿ, ಒಂದೊಂದು ಜಾವವನ್ನು ಐದು ತಿಯೆನ್ ಮಾಡುತ್ತಿದ್ದರು. ಜಾವದವರು ಬಡಿದು ಸಾರುತ್ತಿದ್ದರು. ಐದು ಜಾವ ಸೇರಿ ಹತ್ತು ಗಂಟೆ ಅಂತಿಟ್ಟುಕೊಂಡರೆ ಒಂದು ತಿಯೆನ್ 24 ನಿಮಿಷ ಆಗುತ್ತದೆ. ನಮ್ಮ ಒಂದು ಗಳಿಗೆ! ನಂಟೇನೂ ಇಲ್ಲ, ಲೆಕ್ಕ ಹಾಗೆ ಕೂತಿತು ಅಷ್ಟೇ. ಆದರೂ ಅವತ್ತು ರಾತ್ರಿ ಇದನ್ನು ಲೆಕ್ಕ ಹಾಕಿ ನೋಡಿದಾಗ ನನಗೆ ನಿದ್ದೆ ಬರಲಿಲ್ಲ. ನಡುರಾತ್ರಿಗೆ ಈಗಲೂ 'ಸಾನ್ ಕಂಗ್ ಪಾನ್ ಯೆ' ಅನ್ನುತ್ತಾರೆ. ಮೂರನೇ ಜಾವ, ಅರ್ಧ ರಾತ್ರಿ. ಜಾವದವರು ಹೋದರು, ಮಾತು ಉಳಿಯಿತು.

ಎಂಟು ಗಂಟೆ ಅಂತ ಪೂರ್ತಿ ಹೇಳುವಾಗ 'ಪಾ ತಿಯೆನ್ ಚುಂಗ್' ಅನ್ನುವುದುಂಟು. 'ಚುಂಗ್' ಅಂದರೆ ಗಂಟೆ. ಬಾರಿಸುವ ಗಂಟೆ. ನಮ್ಮಲ್ಲೂ ದೇವಸ್ಥಾನದ ಗಂಟೆಯೇ ಸಮಯದ ಗಂಟೆಯೂ ಆಗಿದೆ ನೋಡಿ. ಬೀಜಿಂಗ್‌ನಲ್ಲಿ ಗಂಟೆ ಗೋಪುರ, ನಗಾರಿ ಗೋಪುರ ಅಂತ ಎರಡು ಹಿಂದೆ-ಮುಂದೆ ನಿಂತಿವೆ. ಕೊನೆಯ ದೊರೆ ಪೂಯಿಯನ್ನು ಅರಮನೆಯಿಂದ ಹೊರಹಾಕಿದ 1924ರವರೆಗೂ ಊರಿಗೆ ಹೊತ್ತು ಸಾರುತ್ತಿದ್ದವು. ಇಟಲಿಯ ಪಾದ್ರಿ ಮತ್ತೇಯೊ ರಿಚ್ಚಿ 1601ರಲ್ಲಿ ವಾನ್‌ಲಿ ಚಕ್ರವರ್ತಿಗೆ ಗಡಿಯಾರಗಳನ್ನು ಕಾಣಿಕೆ ಕೊಟ್ಟ. ಆಗ ಚೀನೀಯರು ಅದನ್ನು ಕರೆದದ್ದು 'ತಾನೇ ಬಾರಿಸಿಕೊಳ್ಳುವ ಗಂಟೆ' ಅಂತ. ಮುಂದೆ ಶಾಂಘೈನ ಗಡಿಯಾರ ಕೆಲಸದವರು ಆ ಪಾದ್ರಿಯನ್ನೇ ತಮ್ಮ ಕಸುಬಿನ ದೇವರು ಮಾಡಿಕೊಂಡು ಪೂಜಿಸಿದರು. ಧರ್ಮ ಬದಲಿಸಲು ಹೋದವನು ದೇವರಾಗಿ ಕೂತ.

ರಿಚ್ಚಿ ಕೊಟ್ಟ, ಸರಿ. ನೀವು ಮಾತ್ರ ಚೀನೀ ಸ್ನೇಹಿತರಿಗೆ ಗಡಿಯಾರ ಉಡುಗೊರೆ ಕೊಡಬೇಡಿ. 'ಸುಂಗ್ ಚುಂಗ್', ಗಡಿಯಾರ ಕೊಡುವುದು. ಸಾಯುವವರ ಬಳಿ ಇದ್ದು ಕೊನೆಯದಾಗಿ ಕಳಿಸಿಕೊಡುವುದಕ್ಕೂ ಅದೇ ಉಚ್ಚಾರ, ಅಕ್ಷರ ಮಾತ್ರ ಬೇರೆ. ನಮ್ಮಲ್ಲಿ ಗೃಹಪ್ರವೇಶಕ್ಕೆ ಎಷ್ಟೊಂದು ಗೋಡೆ ಗಡಿಯಾರ ಬರುತ್ತವೆ! ಅಲ್ಲಿ ಹಾಗೆ ಮಾಡಿದರೆ ಮನೆಯವರ ಮುಖ ಬಾಡುತ್ತದೆ. ಕೈಗಡಿಯಾರಕ್ಕೆ ಬೇರೆ ಪದ ಇರುವುದರಿಂದ ಈ ಮಾತು ತಟ್ಟುವುದಿಲ್ಲ.

ಮಾತಿನ ಸಾಲಿಗೆ ಬರೋಣ. ಚೀನೀಯಲ್ಲಿ ದೊಡ್ಡದು ಮೊದಲು, ಸಣ್ಣದು ಆಮೇಲೆ. ವರ್ಷ, ತಿಂಗಳು, ದಿನ, ದಿನದ ಹೊತ್ತು, ಗಂಟೆ, ನಿಮಿಷ. 'ಮಿಂಗ್‌ಥಿಯೆನ್ ಶ್ಯಾವೂ ವೂ ತಿಯೆನ್ ಪಾನ್'. ನಾಳೆ, ಇಳಿಹೊತ್ತು, ಐದು ಗಂಟೆ, ಅರ್ಧ. ಕನ್ನಡದಲ್ಲಿ 'ನಾಳೆ ಸಂಜೆ ಐದೂವರೆ'. ಒಂದು ಪದವನ್ನೂ ಅತ್ತಿತ್ತ ಸರಿಸಬೇಕಿಲ್ಲ.

ಇಳಿಹೊತ್ತು ಅಂತ ಬೇಕೆಂದೇ ಅಂದೆ. 'ಶ್ಯಾ' ಅಂದರೆ ಕೆಳಗೆ, 'ವೂ' ಅಂದರೆ ನಡುಹಗಲು. 'ಷಾಂಗ್‌ವೂ' ಮೇಲಿನದು, ಅಂದರೆ ಮಧ್ಯಾಹ್ನಕ್ಕೆ ಮುಂಚೆ. 'ಚುಂಗ್‌ವೂ' ನಟ್ಟನಡು ಮಧ್ಯಾಹ್ನ. ಈ 'ವೂ' ದಿನವನ್ನು ಹನ್ನೆರಡು ಪಾಲು ಮಾಡಿದ ಹಳೆಯ ಲೆಕ್ಕದಲ್ಲಿ ಏಳನೆಯದು, ಹಗಲು ಹನ್ನೊಂದರಿಂದ ಒಂದರವರೆಗೆ, ಕುದುರೆಯ ಹೊತ್ತು. ಒಂದೊಂದು ಪಾಲಿಗೂ ಒಂದೊಂದು ಪ್ರಾಣಿ. ರಾತ್ರಿ ಹನ್ನೊಂದರಿಂದ ಒಂದರವರೆಗೆ ಇಲಿಯದು, ಅದು ಸರಿಯಾಗೇ ಇದೆ. ಬೆಳಗ್ಗೆ ಐದರಿಂದ ಏಳು ಮೊಲದ ಹೊತ್ತು, ಅದರ ಹೆಸರು 'ಮಾವ್'. ಸರ್ಕಾರಿ ಕಚೇರಿಗಳಲ್ಲಿ ಆಗ ಹಾಜರಿ ಕೂಗುತ್ತಿದ್ದರು. ಈಗಲೂ ಆಫೀಸಿಗೆ ಮುಖ ತೋರಿಸಿ ಮಾಯವಾಗುವವರನ್ನು 'ತಿಯೆನ್ ಮಾವ್' ಮಾಡಿ ಹೋದ ಅನ್ನುತ್ತಾರೆ.

ಈ ಒಂದೊಂದು ಪಾಲು ಎರಡು ಗಂಟೆಯದು. ಅದಕ್ಕೆ 'ಷ್‌ಛನ್' ಅಂತ ಹೆಸರು. ಪಶ್ಚಿಮದಿಂದ ಅರವತ್ತು ನಿಮಿಷದ ಗಂಟೆ ಬಂದಾಗ ಅದು ಷ್‌ಛನ್‌ನ ಅರ್ಧ ಮಾತ್ರ. ಹಾಗಾಗಿ ಅದು 'ಚಿಕ್ಕ ಹೊತ್ತು' ಆಯಿತು. ಶಿಯಾವ್ ಅಂದರೆ ಚಿಕ್ಕದು, ಷ್ ಅಂದರೆ ಹೊತ್ತು. ಶಿಯಾವ್‌ಷ್!

ಹಾಂ, ಈಗ ನನ್ನ ಡ್ರೈವರ್ ಹತ್ತಿರ ಬಂದೆವು.

ಕನ್ನಡದಲ್ಲಿ ಗಂಟೆ ಅನ್ನುವ ಒಂದೇ ಪದ ಎರಡು ಕೆಲಸ ಮಾಡುತ್ತದೆ. 'ಆರು ಗಂಟೆಗೆ ಬಾ', 'ಆರು ಗಂಟೆ ಕಾದೆ'. ಮೊದಲನೆಯದು ಗಡಿಯಾರದ ಮೇಲಿನ ಒಂದು ಜಾಗ. ಎರಡನೆಯದು ಕಳೆದ ಹೊತ್ತಿನ ಅಳತೆ. ಎರಡನ್ನೂ ಬೇರೆ ಮಾಡುವುದು 'ಗೆ' ಅನ್ನುವ ಒಂದು ಪ್ರತ್ಯಯ. ನಮಗೆ ಆ 'ಗೆ' ಎಷ್ಟು ರೂಢಿಯೆಂದರೆ, ಅದು ಕೆಲಸ ಮಾಡುತ್ತಿದೆ ಅಂತಲೇ ಗೊತ್ತಾಗುವುದಿಲ್ಲ. ಚೀನೀಯಲ್ಲಿ ವಿಭಕ್ತಿಯೇ ಇಲ್ಲ. ಅವರು ಪದವನ್ನೇ ಬೇರೆ ಮಾಡಿಕೊಂಡಿದ್ದಾರೆ. ಗಡಿಯಾರದ ಜಾಗಕ್ಕೆ ತಿಯೆನ್, ಅಳತೆಗೆ ಶಿಯಾವ್‌ಷ್. ನಿಮಿಷಕ್ಕೂ ಹಾಗೇ, ಜಾಗಕ್ಕೆ ಬರೀ 'ಫನ್' ಸಾಕು, ಅಳತೆಗೆ 'ಫನ್‌ಚುಂಗ್' ಬೇಕು. ಸಾಲದ್ದಕ್ಕೆ ವಾಕ್ಯದಲ್ಲಿ ಕೂರುವ ಕಡೆಯೂ ಬೇರೆ. ಎಂಟು ಗಂಟೆಗೆ ಮಲಗಿದೆ ಅನ್ನುವಾಗ ಸಮಯ ಕ್ರಿಯಾಪದಕ್ಕಿಂತ ಮೊದಲು. ಎಂಟು ಗಂಟೆ ಮಲಗಿದ್ದೆ ಅನ್ನುವಾಗ ಕ್ರಿಯಾಪದದ ಆಮೇಲೆ.

ಆರು ಗಂಟೆಗೆ ಅನ್ನಲು ನಾನು 'ಲಿಯೋ ತಿಯೆನ್' ಅನ್ನಬೇಕಿತ್ತು. ಅಂದದ್ದು ಆರು ತಾಸು. ಮೂರಕ್ಕೆ ಆರು ತಾಸು ಕೂಡಿಸಿ ಆತ ಒಂಬತ್ತಕ್ಕೆ ಬಂದ. ಉತ್ತರ ಕರ್ನಾಟಕದವರು ಅಳತೆಗೆ 'ತಾಸು' ಅನ್ನುತ್ತಾರಲ್ಲ, ಆ ಅಭ್ಯಾಸ ನನಗೂ ಇದ್ದಿದ್ದರೆ ಬಹುಶಃ ಬಚಾವಾಗುತ್ತಿದ್ದೆ.

ಆ ಊರಿನಲ್ಲಿ ಇನ್ನೊಂದು ಮಜಾ ಇದೆ. ಅಲ್ಲಿಯ ಮನೆಮಾತು ಕ್ಯಾಂಟೊನೀಸ್. ಅವರು ಗಡಿಯಾರದ ಮುಖದ ಮೇಲಿನ ಅಂಕಿಯನ್ನೇ ಐದೈದು ನಿಮಿಷಕ್ಕೆ ಅಳತೆ ಮಾಡಿಕೊಂಡಿದ್ದಾರೆ. ದೊಡ್ಡ ಮುಳ್ಳು ಮೂರರ ಮೇಲಿದ್ದರೆ 'ಮೂರು ಅಕ್ಷರ', ಅಂದರೆ ಹದಿನೈದು ನಿಮಿಷ. ಮೂರೂ ಕಾಲಿಗೆ 'ಸಾಮ್ ತಿಮ್ ಸಾಮ್', ಮೂರು ಗಂಟೆ ಮೂರು. ಹಾಂಗ್‌ಕಾಂಗ್‌ನ ಕಟ್ಟಡ ಕೆಲಸದವರ ಮಧ್ಯಾಹ್ನದ ಟೀ ವಿರಾಮಕ್ಕೆ ಅದೇ ಹೆಸರಾಗಿಬಿಟ್ಟಿದೆ.

ಗಂಟೆ ಹೇಳಲು ಬಂತು ಅಂತಿಟ್ಟುಕೊಳ್ಳಿ. ಯಾವ ಊರಿನ ಗಂಟೆ? ಚೀನಾ ನಮಗಿಂತ ಎಷ್ಟೋ ಅಗಲದ ದೇಶ, ಪೂರ್ವದಿಂದ ಪಶ್ಚಿಮಕ್ಕೆ ಸುಮಾರು 60 ಡಿಗ್ರಿ ರೇಖಾಂಶ. ಆದರೆ 1949ರಿಂದ ಇಡೀ ದೇಶಕ್ಕೆ ಒಂದೇ ಸಮಯ, ಬೀಜಿಂಗ್ ಟೈಮು. ನಮ್ಮ ಗಡಿಯಾರಕ್ಕಿಂತ ಎರಡೂವರೆ ಗಂಟೆ ಮುಂದೆ. ಹಾಸನದಿಂದ ನೆಟ್ಟಗೆ ಉತ್ತರಕ್ಕೆ ಗೆರೆ ಎಳೆಯಿರಿ. ಹಿಮಾಲಯ ದಾಟಿ ಅದು ಶಿನ್‌ಜಿಯಾಂಗ್‌ನ ಕಾಶ್ಗರ್ ಪಕ್ಕದಲ್ಲೇ ಹಾಯುತ್ತದೆ. ಎರಡೂ ಊರಿನ ನೆತ್ತಿಗೆ ಸೂರ್ಯ ಹೆಚ್ಚುಕಮ್ಮಿ ಒಟ್ಟಿಗೇ ಬರುತ್ತಾನೆ. ಆಗ ಹಾಸನದಲ್ಲಿ ಸುಮಾರು ಹನ್ನೆರಡು ಇಪ್ಪತ್ತೈದು. ಕಾಶ್ಗರ್‌ನ ಸರ್ಕಾರಿ ಗಡಿಯಾರದಲ್ಲಿ ಮೂರಕ್ಕೆ ಐದು ನಿಮಿಷ. ಅದಕ್ಕೇ ಅಲ್ಲಿಯ ಉಯ್ಗುರ್ ಜನ ಬಹಳಷ್ಟು ಮಂದಿ ಬೀಜಿಂಗ್‌ಗಿಂತ ಎರಡು ಗಂಟೆ ಹಿಂದಿನ ತಮ್ಮದೇ ಟೈಮು ಇಟ್ಟುಕೊಂಡಿದ್ದಾರೆ. ಅಲ್ಲಿ ಯಾರಾದರೂ 'ಪಾ ತಿಯೆನ್' ಅಂದರೆ, ಯಾವ ಪಾ ತಿಯೆನ್ ಅಂತ ಮರುಪ್ರಶ್ನೆ ಹಾಕಬೇಕು.

ಕೊನೆಯಲ್ಲಿ ಒಂದೆರಡು ಪ್ರಶ್ನೆ ಬಂದವು. ರೈಲಿಗೆ ಹೇಗೆ ಅಂತ ಒಬ್ಬರು ಕೇಳಿದರು. ಟಿಕೆಟ್ಟಿನಲ್ಲಿ ನಮ್ಮ ರೈಲ್ವೆಯ ಹಾಗೇ 24 ಗಂಟೆಯ ಲೆಕ್ಕ. ಮಾತಿನಲ್ಲಿ ಹನ್ನೆರಡರದ್ದೇ.

ಹಿಂದಿನ ಸಾಲಿನ ಒಬ್ಬ ಹುಡುಗ, "ಸರ್, ನಾವು ಟೈಮ್ ಸರಿಯಾಗಿ ಹೇಳೋದೇ ಇಲ್ಲವಲ್ಲ. ಏಳೆಂಟು ಗಂಟೆಗೆ ಬರ್ತೀನಿ ಅಂತೀವಿ. ಅದಕ್ಕೇನು?" ಅಂದ. ಎಲ್ಲರೂ ನಕ್ಕರು. ಅದೂ ಇದೆ. 'ಛೀ ಪಾ ತಿಯೆನ್' ಅಂದರೆ ಏಳೆಂಟು ಗಂಟೆಯೇ. ಅಂಕಿ ಎರಡನ್ನೂ ಪಕ್ಕಪಕ್ಕ ಅಂಟಿಸಿದರೆ ಆಯಿತು. ಎಂಟರ ಆಸುಪಾಸು ಅನ್ನಬೇಕಾದರೆ 'ಪಾ ತಿಯೆನ್ ತ್ಸುವೋಯೋ', ಎಂಟು ಗಂಟೆಯ ಎಡಬಲ. "ಹಂಗಾದ್ರೆ ಒಂಬತ್ತು ಹತ್ತು ಗಂಟೆಗೆ ಅನ್ನೋಕೆ?" ಅಂತ ಬಿಡದೆ ಕೇಳಿದ. ಅಲ್ಲಿ ಮಾತ್ರ ಹುಷಾರು. ಒಂಬತ್ತು, ಹತ್ತು ಎರಡನ್ನೂ ಅಂಟಿಸಿದರೆ ಚೀನೀಯಲ್ಲಿ ತೊಂಬತ್ತು ಆಗಿಬಿಡುತ್ತದೆ. ಅಲ್ಲಿ ಎರಡು ಸಲವೂ ತಿಯೆನ್ ಸೇರಿಸಿಯೇ ಹೇಳಬೇಕು. ಇಲ್ಲದಿದ್ದರೆ ಫೋಷಾನ್‌ನ ನನ್ನ ಡ್ರೈವರ್‌ನಂಥವನು ನಾಲ್ಕನೇ ದಿನ, ಒಂದು ನಿಮಿಷವೂ ಲೇಟಿಲ್ಲದೆ ಬಂದು ನಿಲ್ಲುತ್ತಾನೆ.